ಬಿದ್ದ ಪೆಟ್ಟಲ್ಲ

ಮಳೆಗಾಲದ ಒಂದು ಸೋಮವಾರ ನಾನು ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಕರ್ತವ್ಯದಲ್ಲಿದ್ದಾಗ, ಸುಮಾರು ಇಪ್ಪತ್ತೈದು ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಗಂಡ ಮತ್ತು ಅತ್ತೆ ಕರೆತಂದರು. ‘ಬಚ್ಚಲಲ್ಲಿ ಜಾರಿ ಬಿದ್ಲು ಸಿಸ್ಟರ್’ ಎಂದು ನಾನು ಕೇಳುವ ಮೊದಲೇ ಗಂಡ ಹೇಳಿದ. ಹೆಸರೇನೆಂದರೂ, ಯಾವಾಗ ಬಿದ್ದದ್ದೆಂದರೂ ಉತ್ತರ ಅವನದೇ. ಆಕೆ ಸೆರಗಿನಲ್ಲಿ ಮುಚ್ಚಿಕೊಂಡ ಎಡಗೈಯನ್ನೇ ನೋಡುತ್ತ ಕುಳಿತಿದ್ದಳು.

ಸೆರಗು ಸರಿಸಿದೆ. ಅಂಗೈಯಲ್ಲಾಗಲಿ ಮಣಿಕಟ್ಟಿನಲ್ಲಾಗಲಿ ಒಂದು ತರಚು ಗಾಯವೂ ಇರಲಿಲ್ಲ. ಕಿರುಬೆರಳಿನ ಕಡೆಯಿಂದ ಮೊಣಕೈಗೆ ಹೋಗುವ ಮೂಳೆಯ ಮೇಲೆ, ನಟ್ಟನಡುವೆ, ಉದ್ದನೆಯ ಬಾಸುಂಡೆ ಊದಿಕೊಂಡಿತ್ತು. ಅದರ ಕೆಳಗೆ ಒಡೆದ ಬಳೆಯ ಸಣ್ಣ ಗೀರುಗಳು. ಜಾರಿ ಬೀಳುವವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಪೆಟ್ಟು ಮಣಿಕಟ್ಟಿಗೆ ಆಗುತ್ತದೆ. ತಲೆಯ ಮೇಲೆ ಬರುವ ಏಟನ್ನು ತಡೆಯಲು ಕೈ ಎತ್ತಿದವರಿಗೆ ಪೆಟ್ಟಾಗುವುದು ಈ ಜಾಗಕ್ಕೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಗಾಯ ಕಂಡು, ಅತ್ತೆಯ ಎದುರಿಗೇ ‘ಯಾರಮ್ಮ ಹೊಡೆದದ್ದು?’ ಎಂದು ಒಬ್ಬಳನ್ನು ಕೇಳಿಬಿಟ್ಟಿದ್ದೆ. ‘ಯಾರೂ ಇಲ್ಲ’ ಎಂದ ಆಕೆ ಹೊಲಿಗೆ ಬಿಚ್ಚಿಸಿಕೊಳ್ಳಲೂ ಮತ್ತೆ ಬರಲಿಲ್ಲ. ನನ್ನ ಪ್ರಶ್ನೆಗಾಗಿ ಮನೆಯಲ್ಲಿ ಆಕೆ ಏನನ್ನು ಅನುಭವಿಸಿದಳೋ ಎಂಬ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಈ ಸಲ ಎಕ್ಸ್‌ರೇಗೆ ನಾನೇ ಕರೆದೊಯ್ದೆ. ವಿಕಿರಣದ ಕಾರಣಕ್ಕೆ ಅಲ್ಲಿ ಯಾರ ಸಂಬಂಧಿಕರನ್ನಾದರೂ ಹೊರಗೆ ನಿಲ್ಲಿಸುತ್ತೇವಾದ್ದರಿಂದ ಗಂಡನಿಗೆ ಅನುಮಾನ ಬರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ, ‘ಮನೆಯವರು ಹೊಡೆದಾಗಲೂ ಇಂಥ ಪೆಟ್ಟಾಗೋದನ್ನ ನಾವು ನೋಡಿದ್ದೀವಮ್ಮ. ನಿನಗೂ ಹಾಗೇನಾದರೂ ಆಯ್ತಾ? ಹೇಳಲೇಬೇಕು ಅಂತಿಲ್ಲ’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಸೌದೆ ತಗೊಂಡು ಹೊಡೆದ್ರು ಅಕ್ಕ, ತಲೆಗೆ ಬೀಳೋದಿತ್ತು’ ಎಂದಳು.

ಇಷ್ಟು ದಿನ ಯಾಕೆ ಸಹಿಸಿಕೊಂಡೆ ಎಂದು ನಾನು ಕೇಳಲಿಲ್ಲ. ಅದು ಪೆಟ್ಟು ತಿಂದವಳನ್ನೇ ಕಟಕಟೆಗೆ ಹತ್ತಿಸುವ ಪ್ರಶ್ನೆ. ಮಗು ಯಾರ ಬಳಿ ಇದೆ, ಇವತ್ತು ಮನೆಗೆ ಹೋದರೆ ಜೀವಭಯವಿದೆಯೇ ಎಂದು ಕೇಳಿದೆ. ಮಗು ತವರಿನಲ್ಲಿತ್ತು. ಭಯ ಇದೆಯೆಂದಳು.

ವೈದ್ಯರು ಎಂಎಲ್‌ಸಿ, ಅಂದರೆ ಕಾನೂನಿನ ವ್ಯಾಪ್ತಿಗೆ ಬರುವ ವೈದ್ಯಕೀಯ ಪ್ರಕರಣವೆಂದು ದಾಖಲಿಸಿ ಠಾಣೆಗೆ ತಿಳಿಸಬೇಕಾಗುತ್ತದೆಂದು ಮೊದಲೇ ಆಕೆಗೆ ವಿವರಿಸಿ, ಆ ರಾತ್ರಿ ಮಹಿಳಾ ವಾರ್ಡಿನಲ್ಲೇ ಉಳಿಸಿಕೊಂಡರು. ಗಾಯದ ಜಾಗ, ಅಳತೆಗಳ ಜೊತೆಗೆ, ಯಾರು ಯಾವುದರಿಂದ ಹೊಡೆದರೆಂಬುದನ್ನು ಆಕೆಯ ಮಾತಿನಲ್ಲೇ ಬರೆದುಕೊಂಡರು. ‘ಬಿದ್ದ ಪೆಟ್ಟು’ ಎಂದು ನಾವು ಅಂದು ಬರೆದಿದ್ದರೆ, ಮುಂದೆ ನ್ಯಾಯಾಲಯದಲ್ಲಿ ನಮ್ಮ ಕಾಗದವೇ ಆಕೆಗೆ ಎದುರಾಗಿ ನಿಲ್ಲುತ್ತಿತ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರಡಿ ಇಂಥವರಿಗೆ ಚಿಕಿತ್ಸೆ ನೀಡುವುದು ಆಸ್ಪತ್ರೆಯ ಕರ್ತವ್ಯವೆಂಬುದೂ, ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇಂಥವರ ನೆರವಿಗೆಂದು ಇರುವ ಸಂರಕ್ಷಣಾಧಿಕಾರಿಗಳೆಂಬುದೂ ಸಿಬ್ಬಂದಿಯಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ನನಗೂ ತಡವಾಗಿಯೇ ತಿಳಿಯಿತು.

ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಡಲು ಹೋದಾಗ, ‘ಚೀಟಿ ಬೇಡ ಅಕ್ಕ, ಬ್ಯಾಗು ನೋಡ್ತಾರೆ’ ಎಂದು ತಡೆದಳು. 181 ಎಂಬ ಮೂರು ಅಂಕಿಗಳನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು.

ಆರು ವಾರಗಳ ನಂತರ ಪ್ಲಾಸ್ಟರ್ ಬಿಚ್ಚಿಸಲು ತಾಯಿಯೊಂದಿಗೆ ಬಂದಳು. ಗಂಡನ ಮನೆಗೆ ಹಿಂತಿರುಗುವ ವಿಚಾರ ಇನ್ನೂ ತೀರ್ಮಾನವಾಗಿರಲಿಲ್ಲ. ನಾನೂ ಒತ್ತಾಯಿಸಿ ಕೇಳಲಿಲ್ಲ. ಹೊರಡುವಾಗ, ಅಂದು ವೈದ್ಯರು ಬರೆದ ಕಾಗದದ ನಕಲು ಸಿಗುತ್ತದೆಯೇ ಎಂದು ಆಕೆಯೇ ಕೇಳಿದಳು.