ಸುಳ್ಳಲ್ಲವಲ್ಲ

ಮಂಗಳವಾರ ಮಧ್ಯಾಹ್ನದಿಂದ ಒಂದೇ ಮಾತು ಕಿವಿಯಲ್ಲಿ ಕುಳಿತುಬಿಟ್ಟಿದೆ. "ಸಸ್ಯ ಪ್ರೋಟೀನ್ ಎಂದು ಬರೆಯಿರಿ. ಸುಳ್ಳಲ್ಲವಲ್ಲ?"

ಹೇಳಿದವರು ನಮ್ಮಲ್ಲಿಯ ಪ್ರಾಧ್ಯಾಪಕರು. ಕೇಳಿಸಿಕೊಂಡವನು ನಾನು, ರಾಯಚೂರಿನ ಬಿಸಿಲಿಗೆ ಫ್ಯಾನು ಕೂಡ ಬಿಸಿಗಾಳಿಯನ್ನೇ ಎರಚುವ ಕಚೇರಿಯ ಗುಮಾಸ್ತ. ನಡುವೆ ಮೇಜಿನ ಮೇಲೆ ಥರ್ಮಾಕೋಲ್ ಡಬ್ಬಿ. ಅದರೊಳಗೆ ಹೆಬ್ಬೆರಳಷ್ಟು ಉದ್ದದ ಎರಡು ಸೀಸೆ. ತಂದವಳು ಅವರ ಸಂಶೋಧನಾ ವಿದ್ಯಾರ್ಥಿನಿ. ವಿದೇಶದ ಪ್ರಯೋಗಾಲಯಕ್ಕೆ ಕಳುಹಿಸಬೇಕಿತ್ತು, ಕೊರಿಯರ್‌ನವರ ಘೋಷಣಾ ಪತ್ರಕ್ಕೆ ಮೊಹರು ಬೇಕಿತ್ತು.

"ಒಳಗೇನಿದೆಯವ್ವ?" ಎಂದು ಕೇಳಿದ್ದು ಬರೀ ಅಭ್ಯಾಸದಿಂದ.

"ಔಡಲದ್ದು ಸರ್. ರಿಸಿನ್."

ಎರಡು ತಿಂಗಳ ಹಿಂದೆ ನಮಗೊಂದು ತರಬೇತಿ ಕೊಟ್ಟಿದ್ದರು. ಊಟವಾದ ಮೇಲಿನ ತರಗತಿ, ಅರ್ಧ ನಿದ್ದೆಯಲ್ಲಿದ್ದೆ. ಸ್ಕೋಮೆಟ್ ಎಂಬ ಪಟ್ಟಿಯಂತೆ. ಹೊರದೇಶಕ್ಕೆ ಹೋಗುವ ವಿಶೇಷ ರಾಸಾಯನಿಕ, ಜೀವಿ, ಸಾಮಗ್ರಿ, ಉಪಕರಣ, ತಂತ್ರಜ್ಞಾನಗಳ ಮೇಲೆ ಕಣ್ಣಿಡಲು ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸುವುದು. ಪರದೆಯ ಮೇಲೆ ಸರಿನ್, ಸಾಸಿವೆ ಅನಿಲ ಎಂದು ಯುದ್ಧದ ವಿಷಗಳ ಹೆಸರು ಸರಿಯುತ್ತಿದ್ದವು. ಅವುಗಳ ಸಾಲಿನಲ್ಲೇ ರಿಸಿನ್. "ಔಡಲ ಬೀಜದಲ್ಲಿರುವ ವಿಷ" ಎಂದರು ಹೇಳುವವರು. ನಿದ್ದೆ ಹಾರಿಹೋಯಿತು. ನಮ್ಮವ್ವ ಮೊಮ್ಮಗನ ನೆತ್ತಿಗೆ ದಿನವೂ ತಟ್ಟುವುದು ಅದೇ ಔಡಲ ಎಣ್ಣೆಯನ್ನು!

ಎಣ್ಣೆಯಲ್ಲಿ ವಿಷವಿಲ್ಲ, ಅದು ಹಿಂಡಿಯಲ್ಲೇ ಉಳಿಯುತ್ತದೆ ಎಂದು ಆಮೇಲೆ ತಿಳಿಯಿತು. ಎಣ್ಣೆ ಹಡಗುಗಟ್ಟಲೆ ಹೊರದೇಶಕ್ಕೆ ಹೋಗುತ್ತದೆ, ಯಾರೂ ತಡೆಯುವುದಿಲ್ಲ. ಶುದ್ಧ ಮಾಡಿದ ರಿಸಿನ್ ಮಾತ್ರ ರಾಸಾಯನಿಕ ಅಸ್ತ್ರ ಒಪ್ಪಂದದ ಮೊದಲ ಅನುಸೂಚಿಯಲ್ಲಿದೆ, ನಮ್ಮ ಪಟ್ಟಿಯಲ್ಲೂ ರಫ್ತಿಗೆ ನಿಷಿದ್ಧ. 1978ರಲ್ಲಿ ಲಂಡನ್ನಿನ ಬೀದಿಯಲ್ಲಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೊವ್ ಅವರ ತೊಡೆಗೆ ಹೊಕ್ಕ ಸಾಸಿವೆಯಷ್ಟು ಸಣ್ಣ ಗುಂಡಿನಲ್ಲಿ ಇದ್ದದ್ದು ಇದೇ ಎಂದು ತಜ್ಞರು ತೀರ್ಮಾನಿಸಿದ್ದರು. ನಮ್ಮ ಹೊಲದ ಬದುವಿನಲ್ಲಿ ಯಾರೂ ನೀರು ಹಾಯಿಸದೆ ತಾನೇ ಬೆಳೆದು ನಿಲ್ಲುವ ಗಿಡ.

ಇಷ್ಟನ್ನೂ ಪ್ರಾಧ್ಯಾಪಕರಿಗೆ ಹೇಳಿದೆ. ಅವರಿಗೆ ಗೊತ್ತಿಲ್ಲದ್ದೇನಲ್ಲ. "ಎರಡು ಸೀಸೆಗೆ ಯುದ್ಧ ನಡೆಯುತ್ತದೆಯೇ?" ಎಂದರು. ಆಮೇಲೆ ಆ ಮಾತು. ರಿಸಿನ್ ಗಿಡದಿಂದ ಬರುವ ಪ್ರೋಟೀನೇ, ಸುಳ್ಳೇನಲ್ಲ.

ಅವರು ಕೆಟ್ಟವರಲ್ಲ. ಹಿಂಡಿಯ ವಿಷ ತೆಗೆದು ಅದನ್ನು ದನದ ಮೇವಾಗಿಸುವುದು ಅವರ ಕೆಲಸ, ಕೈಗೂಡಿದರೆ ಒಣಬೇಸಾಯದವರಿಗೆ ದೊಡ್ಡ ಉಪಕಾರ. ಆದರೆ ಪ್ರಯೋಗಾಲಯದ ಬಾಗಿಲಿನ ಆಚೆ ಇರುವವರೆಲ್ಲ ತಮ್ಮ ದಾರಿಗೆ ಅಡ್ಡ ಬಿದ್ದ ಕಲ್ಲುಗಳೆಂದು ಅವರ ನಂಬಿಕೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಕೆಲವೊಮ್ಮೆ ಕಲ್ಲಾಗಿಯೇ ಇದ್ದೆ, ಅದನ್ನೂ ಒಪ್ಪುತ್ತೇನೆ.

ಮರೆಯಲಾಗದ್ದು ಆ ಹುಡುಗಿಯ ಕೈ. ಗುರುಗಳು ಹೇಳಿದ ಕೂಡಲೇ ವಿವರದ ಖಾನೆಯಲ್ಲಿ ಇಂಗ್ಲಿಷಿನಲ್ಲಿ 'ಪ್ಲಾಂಟ್' ಎಂದು ಬರೆಯಲು ಹೊರಟವಳು ಎರಡನೆಯ ಅಕ್ಷರಕ್ಕೆ ನಿಂತಳು. ಪೆನ್ನು ಕಾಗದದ ಮೇಲೆಯೇ ಇತ್ತು, ಮಸಿ ಸಣ್ಣ ಚುಕ್ಕೆಯಾಗಿ ಹರಡತೊಡಗಿತು. ತಲೆ ಎತ್ತದೆ ಕೇಳಿದಳು: "ಸರ್, ಕಳೆದ ತಿಂಗಳು ಶುದ್ಧ ಮಾಡುವ ವಿಧಾನವನ್ನು ಅವರಿಗೆ ಮೇಲ್‌ನಲ್ಲಿ ಕಳುಹಿಸಿದ್ದೇನೆ. ಅದೂ ರಫ್ತೇ?"

ಪ್ರಾಧ್ಯಾಪಕರು ಫ್ಯಾನು ನೋಡಿದರು. ಆಗಲೇ ಪ್ರಕಟವಾಗಿ ಎಲ್ಲರ ಕೈಗೆ ಸಿಗುವಂಥದ್ದಾದರೆ ಅಲ್ಲ, ಇಲ್ಲದಿದ್ದರೆ ಮೇಲ್ ಕೂಡ ಲೆಕ್ಕಕ್ಕೆ ಬರುತ್ತದೆ, ಕೇಳಿ ನೋಡಬೇಕು ಎಂದೆ. ಡಬ್ಬಿ ಮರಳಿ ಫ್ರೀಜರಿಗೆ ಹೋಯಿತು. ಹುಡುಗಿಯ ಮುಖದಲ್ಲಿ ಹಗುರಾದದ್ದು ಕಂಡಿತೋ ಹೆದರಿಕೆಯೋ, ಇನ್ನೂ ತಿಳಿದಿಲ್ಲ.

ಅವತ್ತು ರಾತ್ರಿ ಅವ್ವನಿಗೆ ಹೇಳಿದರೆ ನಕ್ಕಳು. "ಹಿಂಡಿಯನ್ನು ಎಮ್ಮೆಗೆ ಹಾಕಬೇಡ, ಬೀಜ ಹುಡುಗರ ಕೈಗೆ ಕೊಡಬೇಡ ಎಂದು ನಮ್ಮತ್ತೆ ಹೇಳಿದ್ದಳು. ಅವಳಿಗೆ ಯಾವ ದೆಹಲಿಯವರು ಹೇಳಿದ್ದರು?" ನಾನೂ ನಕ್ಕೆ. ಆದರೆ ಅತ್ತೆ ಹೇಳಿದ್ದು ಹೆಸರು ಹಿಡಿದು. ಹಿಂಡಿಯನ್ನು ಹಿಂಡಿ ಎಂದೇ ಕರೆದಿದ್ದಳು.

ಸುಳ್ಳಲ್ಲದ ಮಾತುಗಳನ್ನು ಬರೆಯುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ. 'ಪರಿಶೀಲನೆಯಲ್ಲಿದೆ' ಎಂದು ಎಷ್ಟು ಜನರಿಗೆ ಬರೆದಿಲ್ಲ, ಕಡತ ಬೀರುವಿನ ತಳದಲ್ಲಿದ್ದಾಗ? ಪಿಂಚಣಿಗಾಗಿ ಮಾನ್ವಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಮುದುಕಿಯೊಬ್ಬಳಿಗೆ ಮೂರು ಸಲ 'ಮುಂದಿನ ಕ್ರಮಕ್ಕೆ ಸಲ್ಲಿಸಲಾಗಿದೆ' ಎಂದಿದ್ದೆ. ಸಲ್ಲಿಸಿದ್ದು ನಿಜ, ಪಕ್ಕದ ಮೇಜಿಗೆ. ಪ್ರಾಧ್ಯಾಪಕರ ಮಾತು ನನ್ನನ್ನು ಇಷ್ಟು ಕಾಡುವುದು ಅದು ನನ್ನದೇ ಭಾಷೆಯಾದ್ದರಿಂದ ಇರಬೇಕು.

ಶುಕ್ರವಾರ ಅವರ ಪತ್ರ ಬಂತು. ದೆಹಲಿಯವರಿಂದ ಸ್ಪಷ್ಟನೆ ಕೇಳಿ ಎಂದು ಅವರೇ ಒಪ್ಪಿ ಬರೆದಿದ್ದು, ಎರಡು ಪುಟ, ಮೇಲ್ ಸಂಗತಿಯೂ ಸೇರಿ ಎಲ್ಲವೂ ಸರಿಯಾಗಿದೆ. ಮೇಲ್ಗಡೆ ದಪ್ಪಕ್ಷರದಲ್ಲಿ, 'ವಿಷಯ: ಸಸ್ಯ ಪ್ರೋಟೀನ್ ಕಳುಹಿಸುವ ಬಗ್ಗೆ.'

ಕೆಂಪು ಮಸಿಯಲ್ಲಿ ಆ ಎರಡು ಪದಗಳ ಸುತ್ತ ಗೆರೆ ಎಳೆದು ವಾಪಸು ಕಳುಹಿಸಿದ್ದೇನೆ.