ಐದು ಟೈ ಬಿಗಿದ ರೌಟರ್ ಮತ್ತು ಅಲುಗಾಡುವ ಪಿನ್ನು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ವಾರವಿಡೀ ಅಲ್ಲಿ ಪಂಪಿನ ಬಿಡಿಭಾಗಗಳ ಲೇಥ್ ಕೆಲಸ ನಡೆಯುತ್ತದೆ. ರವಿವಾರ ಮಾತ್ರ ಒಂದು ಮೂಲೆಯನ್ನು ಎಂಜಿನಿಯರಿಂಗ್ ಓದುವ ಐದಾರು ಹುಡುಗ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದೇನೆ. ಅವರು ಅಲ್ಲಿ ಸ್ಪರ್ಧೆಗೆಂದು ರೋಬೋ ಕಟ್ಟುತ್ತಾರೆ. ನಾನು ಡ್ರಿಲ್, ಟ್ಯಾಪ್ ಮತ್ತು ಚಹಾ ಒದಗಿಸುತ್ತೇನೆ, ಯಾರೂ ಕೇಳದಿದ್ದರೂ ಸಲಹೆಯನ್ನೂ ಕೊಡುತ್ತೇನೆ.

ಕಳೆದ ವರ್ಷ ಗದಗಿನಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ನಮ್ಮ ರೋಬೋ ಮೂರು ನಿಮಿಷದ ಆಟದ ನಡುವೆ ಅಂಕಣದ ಅಂಚಿನ ಹಲಗೆಗೆ ಒಮ್ಮೆ ತಾಗಿ, ನಿಂತಲ್ಲೇ ನಿಂತುಬಿಟ್ಟಿತು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅದಕ್ಕೆ ಜೀವವೇ ಇರಲಿಲ್ಲ; ಬಳಿಕ ಯಾರೂ ಮುಟ್ಟದಿದ್ದರೂ ತಾನಾಗಿಯೇ ಎಚ್ಚೆತ್ತು, ಆಟ ಮುಗಿಯಲು ಕೆಲವೇ ಸೆಕೆಂಡು ಉಳಿದಿದ್ದಾಗ ಚಲಿಸತೊಡಗಿತು. ‘ಸಿಗ್ನಲ್ ಹೋತ್ರೀ ಸರ್ರ, ಇಷ್ಟೊಂದು ಮಂದಿ ಮೊಬೈಲ್ ಹಿಡಕೊಂಡು ನಿಂತಾರಲ್ರೀ’ ಎಂದು ಹುಡುಗರು ಹೇಳಿದರು. ನಾನೂ ಅದನ್ನೇ ನಂಬಿದೆ, ಏಕೆಂದರೆ ಆಟಗಾರನ ಲ್ಯಾಪ್‌ಟಾಪಿನ ಆಜ್ಞೆಗಳನ್ನು ರೋಬೋಕ್ಕೆ ಮುಟ್ಟಿಸುವ, ರೋಬೋದ ಮೇಲೆಯೇ ಕೂರಿಸಿದ್ದ ಆ ಪುಟ್ಟ ವೈಫೈ ರೌಟರಿಗೆ ನಾನೇ ನಿಂತು ಐದು ಕೇಬಲ್ ಟೈ, ಅಂದರೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಹಾಕಿಸಿದ್ದೆ, ಮತ್ತು ಅದು ಒಂದು ಕೂದಲಿನಷ್ಟೂ ಸರಿದಿರಲಿಲ್ಲ.

ಮರಳುವಾಗ ಅಣ್ಣಿಗೇರಿಯಲ್ಲಿ ಚಹಾಕ್ಕೆಂದು ಟೆಂಪೊ ನಿಲ್ಲಿಸಿದೆವು. ತಂಡದಲ್ಲಿ ವೈರಿಂಗ್ ನೋಡಿಕೊಳ್ಳುವ ಹುಡುಗಿ ಕೆಳಗಿಳಿಯದೆ ರೋಬೋವನ್ನು ಆನ್ ಮಾಡಿ, ಒಂದೊಂದೇ ವೈರನ್ನು ಬೆರಳಿನಿಂದ ಅಲುಗಿಸುತ್ತ ಕುಳಿತಿದ್ದಳು. ‘ಸರ್ರ, ಇಲ್ಲಿ ನೋಡ್ರಿ, ಪಿನ್ನ ಅಳ್ಳಾಡಾಕತ್ತೈತಿ’ ಎಂದು ಕೂಗಿದಾಗ ಹೋಗಿ ನೋಡಿದೆ. ರೌಟರಿನ ಹಿಂಬದಿಗೆ ಕರೆಂಟ್ ಕೊಡುವ ದುಂಡನೆಯ ಪ್ಲಗ್ಗನ್ನು ಆಕೆ ತುಸು ಓರೆ ಮಾಡಿದೊಡನೆ ರೌಟರಿನ ದೀಪಗಳೆಲ್ಲ ಆರಿಹೋಗುತ್ತಿದ್ದವು.

ಮನೆಯ ರೌಟರಿಗೂ ಸಿಸಿಟಿವಿ ಕ್ಯಾಮೆರಾಕ್ಕೂ ಬಳಸುವ ಈ ದುಂಡು ಪ್ಲಗ್ಗುಗಳಲ್ಲಿ ಹೊರಗಿನ ವ್ಯಾಸ 5.5 ಮಿ.ಮೀ. ಇರುವ ಎರಡು ಬಗೆಗಳು ಸಾಮಾನ್ಯ. ಒಂದರ ಒಳತೂತು 2.1 ಮಿ.ಮೀ., ಇನ್ನೊಂದರದು 2.5 ಮಿ.ಮೀ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳಂತಿರುತ್ತವೆ. 2.1ರ ಪ್ಲಗ್ಗನ್ನು ರೌಟರಿನ ಕಿಂಡಿಯೊಳಗಿರುವ 2.5ರ ಪಿನ್ನಿಗೆ ಹಾಕಲು ಹೋದರೆ ಅದು ಒಳಗೇ ಹೋಗುವುದಿಲ್ಲ, ಆದ್ದರಿಂದ ತಪ್ಪು ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ವಿರುದ್ಧವಾಗಿ 2.5ರ ಪ್ಲಗ್ಗು 2.1ರ ಪಿನ್ನಿನ ಮೇಲೆ ಸಲೀಸಾಗಿ ಕೂರುತ್ತದೆ, ದೀಪವೂ ಹತ್ತುತ್ತದೆ, ಮೇಜಿನ ಮೇಲೆ ಇಡೀ ದಿನ ಕೆಲಸವನ್ನೂ ಮಾಡುತ್ತದೆ. ಪೆಟ್ಟು ಬಿದ್ದ ಕ್ಷಣ ಮಾತ್ರ ಕೈಕೊಡುತ್ತದೆ. ನಮ್ಮ ಡ್ರಾಯರಿನಲ್ಲಿದ್ದ ಹಳೆಯ ಪ್ಲಗ್ಗುಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಆರಿಸಿ ಬೆಸುಗೆ ಹಾಕಿಕೊಟ್ಟವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸಂಪರ್ಕ ಕಡಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇದ್ದೀತು, ಆದರೆ ರೌಟರು ಮತ್ತೆ ಮೊದಲಿನಿಂದ ಬೂಟ್ ಆಗಿ, ಲ್ಯಾಪ್‌ಟಾಪು ಅದನ್ನು ಹುಡುಕಿ ಸೇರಿಕೊಳ್ಳುವಷ್ಟರಲ್ಲಿ ಆಟದ ಮೂರನೆಯ ಒಂದು ಭಾಗ ಕಳೆದಿತ್ತು.

ಅಂದಿನಿಂದ ರೋಬೋ ನಿಂತಾಗಲೆಲ್ಲ ನಾವು ಮೊದಲು ಕೇಳುವುದು ಎಷ್ಟು ಹೊತ್ತು ನಿಂತಿತ್ತು ಎಂಬ ಪ್ರಶ್ನೆಯನ್ನು. ರೇಡಿಯೊ ಅಲೆ ಮಾತ್ರ ತಪ್ಪಿದ್ದರೆ ರೋಬೋ ಸಾಮಾನ್ಯವಾಗಿ ಒಂದೆರಡು ಸೆಕೆಂಡು ತಡವರಿಸಿ ಮುಂದೆ ಹೋಗುತ್ತದೆ, ರೌಟರಿನ ದೀಪಗಳು ಹಾಗೆಯೇ ಇರುತ್ತವೆ. ಅರ್ಧ ನಿಮಿಷ ಮೀರಿದ ಮೌನವಾದರೆ, ಅದೂ ಯಾರೂ ಮುಟ್ಟದೆ ತಾನಾಗಿಯೇ ಮುಗಿದರೆ, ಅದು ಬಹುಮಟ್ಟಿಗೆ ಕರೆಂಟ್ ಹೋಗಿ ಬಂದದ್ದರ ಗುರುತು. ಹೀಗಾಗಿ ರೌಟರಿನ ದೀಪಗಳು ಆಟಗಾರನ ಕಡೆಗೆ ಕಾಣುವಂತೆ ಅದನ್ನು ಕೂರಿಸುವುದನ್ನು ನಾವೀಗ ಕಡ್ಡಾಯ ಮಾಡಿಕೊಂಡಿದ್ದೇವೆ.

ಕರೆಂಟಿನ ಮಾತು ಬಂದದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ನಮ್ಮ ರೌಟರು 9 ವೋಲ್ಟಿನದು, ಬ್ಯಾಟರಿ ಮೂರು ಸೆಲ್ಲಿನ ಲಿಪೋ, ಅಂದರೆ ಲಿಥಿಯಂ ಪಾಲಿಮರ್. ಪೂರ್ತಿ ಚಾರ್ಜ್ ಆದಾಗ ಅದು 12.6 ವೋಲ್ಟ್ ಕೊಡುತ್ತದೆ, ಆದರೆ ಆಟದ ಕೊನೆಯಲ್ಲಿ ಗಾಲಿ ತಿರುಗಿಸುವ ನಾಲ್ಕೂ ಜಾನ್ಸನ್ ಮೋಟರುಗಳು ಒಟ್ಟಿಗೆ ತಿಣುಕಿದಾಗ ಅದು 10ರ ಕೆಳಗೂ ಕುಸಿಯಬಹುದು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಲ್‌ಎಂ2596 ಬಕ್ ಕನ್ವರ್ಟರಿಗೆ, ಅಂದರೆ ವೋಲ್ಟೇಜು ಇಳಿಸುವ ಸಣ್ಣ ಬೋರ್ಡಿಗೆ, ಒಳಬರುವ ವೋಲ್ಟೇಜು ಹೊರಹೋಗುವುದಕ್ಕಿಂತ ಒಂದೂವರೆ ವೋಲ್ಟಿನಷ್ಟಾದರೂ ಹೆಚ್ಚಿರಬೇಕು. ಇಲ್ಲದಿದ್ದರೆ 9 ಎಂದು ಹೊಂದಿಸಿದ್ದರೂ ಅಷ್ಟು ಬರುವುದಿಲ್ಲ. ಪ್ಲಗ್ಗು ಎಷ್ಟೇ ಬಿಗಿಯಾಗಿದ್ದರೂ ಆಗ ರೌಟರು ಆರಿಹೋಗುವ ಸಂಭವವಿದೆ. ನಾವು ರೌಟರಿಗೆಂದೇ ವೋಲ್ಟೇಜನ್ನು ಇಳಿಸಲೂ ಏರಿಸಲೂ ಬಲ್ಲ ಬಕ್-ಬೂಸ್ಟ್ ಕನ್ವರ್ಟರ್ ಬೇರೊಂದನ್ನು ಇಟ್ಟು, ಅದರ ವೈರನ್ನು ಮೋಟರುಗಳಿಗೆ ಕರೆಂಟ್ ಕೊಡುವ ಮೋಟರ್ ಡ್ರೈವರ್ ಬೋರ್ಡಿನಿಂದ ತೆಗೆಯದೆ ನೇರವಾಗಿ ಬ್ಯಾಟರಿಯ ಸ್ವಿಚ್ಚಿನಿಂದ ಫ್ಯೂಸ್ ಹಾಕಿ ತಂದೆವು.

ದುಂಡು ಪ್ಲಗ್ಗಿಗೆ ತನ್ನದೇ ಆದ ಬೀಗವಿಲ್ಲ; ಸ್ಪ್ರಿಂಗಿನ ಒತ್ತಡದ ಮೇಲೆಯೇ ಅದು ನಿಲ್ಲುತ್ತದೆ. ಸರಿಯಾದ ಅಳತೆಯದನ್ನು ತಂದ ಮೇಲೂ ಅದಕ್ಕೆ ಹೊರಗಿನ ಆಸರೆ ಬೇಕಾಯಿತು. 4 ಮಿ.ಮೀ. ಅಕ್ರಿಲಿಕ್ಕಿನ ತುಂಡಿನಲ್ಲಿ ಪ್ಲಗ್ಗಿನ ಕತ್ತಿಗೆ ಸರಿಹೋಗುವ ಕಚ್ಚು ಕೊರೆದು, ಅದು ಪ್ಲಗ್ಗಿನ ಬೆನ್ನಿಗೆ ಒತ್ತಿ ನಿಲ್ಲುವಂತೆ ತಳದ ಹಲಗೆಗೆ ಎರಡು ಸ್ಕ್ರೂಗಳಿಂದ ಬಿಗಿದೆವು. ವೈರಿಗೆ ಪ್ಲಗ್ಗಿನಿಂದ ಎರಡು ಬೆರಳಿನೊಳಗೇ ಮೊದಲ ಟೈ ಹಾಕಿ, ಆ ಟೈಗೂ ಪ್ಲಗ್ಗಿಗೂ ನಡುವೆ ವೈರು ಬಾಗಿಕೊಂಡು ಸಡಿಲವಾಗಿರುವಂತೆ ನೋಡಿಕೊಂಡೆವು. ಯಾರದೋ ಕೈ ತಾಗಿ ವೈರು ಎಳೆದರೆ ಆ ಎಳೆತವನ್ನು ಟೈ ತಡೆಯಬೇಕು, ಪಿನ್ನು ತಡೆಯಬಾರದು. ಎತರ್ನೆಟ್ ಕೇಬಲ್ಲಿಗೂ ಹೀಗೆಯೇ ಮಾಡಿದೆವು. ಅದರ ಪ್ಲಾಸ್ಟಿಕ್ ನಾಲಗೆ ಮುರಿದಿದ್ದರೂ ಕೇಬಲ್ ಜಾಗದಲ್ಲಿ ಕುಳಿತಂತೆಯೇ ಕಾಣುತ್ತದೆ. ಅಂಥದ್ದನ್ನು ರೋಬೋದ ಹತ್ತಿರವೂ ತರಬಾರದೆಂದು ಕತ್ತರಿಸಿ ಎಸೆಯುತ್ತೇನೆ, ಹುಡುಗರಿಗೆ ಅದು ಹೊಟ್ಟೆಯುರಿಯ ಸಂಗತಿ.

ಕನ್ವರ್ಟರಿನ ಸ್ಕ್ರೂ ಟರ್ಮಿನಲ್ಲಿನಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಎಳೆ ಎಳೆಯಾದ ವೈರಿನ ತುದಿಗೆ ಬೆಸುಗೆ ತುಂಬಿ ಟರ್ಮಿನಲ್ಲಿಗೆ ಸೇರಿಸುವುದು ಅಚ್ಚುಕಟ್ಟಾದ ಕೆಲಸವೆಂದೇ ನಾನೂ ಬಹಳ ವರ್ಷ ತಿಳಿದಿದ್ದೆ. ಆದರೆ ಬೆಸುಗೆಯ ಲೋಹ ಮೆದು. ಸ್ಕ್ರೂವಿನ ಒತ್ತಡಕ್ಕೆ ಅದು ದಿನಗಳೆದಂತೆ ಚಪ್ಪಟೆಯಾಗುತ್ತ ಹೋಗಿ, ಮೊದಲ ದಿನ ಬಿಗಿಯಾಗಿದ್ದ ವೈರು ತಿಂಗಳೊಪ್ಪತ್ತಿನಲ್ಲಿ ಕೈಯಿಂದ ಎಳೆದರೆ ಬರುವಂತಾಗುತ್ತದೆ. ಬೆಸುಗೆಯ ಬದಲು ಫೆರೂಲ್ ಎಂಬ ಸಣ್ಣ ತಾಮ್ರದ ಕೊಳವೆಯನ್ನು ಒತ್ತಿ ಕೂರಿಸಿದರೆ ಈ ತೊಂದರೆ ಇಲ್ಲ.

ಇನ್ನು ಪೆಟ್ಟಿಗೆಯ ವಿಷಯ. ರೌಟರಿನ ತಳದಲ್ಲಿ ಗೋಡೆಯ ಮೊಳೆಗೆ ನೇತುಹಾಕಲು ಕೊಟ್ಟಿರುವ ಕೀಲಿರಂಧ್ರದಂಥ ತೂತುಗಳನ್ನು ನಂಬಬೇಡಿ. ಅವು ಭೂಮಿಯ ಸೆಳೆತ ಒಂದೇ ದಿಕ್ಕಿಗಿರುವ ಗೋಡೆಗಾಗಿ ಮಾಡಿದವು. ಟೈಗಳು ಸಾಕು, ಆದರೆ ಅತಿಯಾಗಿ ಬಿಗಿದರೆ ತೆಳು ಪ್ಲಾಸ್ಟಿಕ್ ಬಾಗಿ ಒಳಗಿನ ಬೋರ್ಡಿನ ಮೇಲೆ ಒತ್ತಡ ಬೀಳುತ್ತದೆ. ನಾವು ಈಗ ಅಕ್ರಿಲಿಕ್ ಹಲಗೆಯ ಮೇಲೆ ನಾಲ್ಕು ಮೂಲೆಗೂ ಅಡ್ಡಗಟ್ಟೆ ಕೊಟ್ಟು, ರೌಟರು ಪಕ್ಕಕ್ಕೆ ಸರಿಯಲು ಎಡೆಯಿಲ್ಲದಂತೆ ಮಾಡಿ, ಮೇಲೇಳದಂತೆ ಎರಡೇ ಟೈ ಹಾಕುತ್ತೇವೆ. ಗಾಳಿಯಾಡುವ ಸೀಳುಗಳನ್ನು ಮುಚ್ಚುವುದಿಲ್ಲ. ಅಡಿಯಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಹಾಸಿದ್ದೇವೆ. ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಇರುವುದರಿಂದ ಅದನ್ನು ಆಂಟೆನಾಕ್ಕೆ ಸುತ್ತುವುದು ಮಾತ್ರ ಬೇಡ. ಲೋಹದ ಚೌಕಟ್ಟಿಗೆ ನೈಲಾಕ್ ನಟ್ಟುಗಳನ್ನೇ, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟುಗಳನ್ನೇ, ಬಳಸಿ. ಸ್ಕ್ರೂ ಸಡಿಲವಾಗದಿರಲೆಂದು ಹಚ್ಚುವ ಲಾಕ್‌ಟೈಟಿನಂಥ ದ್ರವ ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟಿಗೆ ತಾಗಿದರೆ ತೂತಿನ ಸುತ್ತ ಬಿರುಕು ಬಿಡಬಹುದು.

ಕಾಯಿಸಿ ಕರಗಿಸಿ ಹಚ್ಚುವ ಅಂಟು, ಹಾಟ್ ಗ್ಲೂ, ಹುಡುಗರ ಕುಲದೇವರು. ನುಣುಪಾದ ಪ್ಲಾಸ್ಟಿಕ್ ಮೇಲೆ ಅದು ಒಂದೇ ಪೆಟ್ಟಿಗೆ ಹಕ್ಕಳೆಯಂತೆ ಕಿತ್ತು ಬರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ನಿಂತ ಟೆಂಪೊದೊಳಗೆ ಮೆತ್ತಗೂ ಆಗುತ್ತದೆ. ಆದ್ದರಿಂದ ಭಾರ ಹೊರಲು ಅದು ತಕ್ಕದ್ದಲ್ಲ, ಸಣ್ಣ ಕನೆಕ್ಟರು ಅಲುಗದಂತೆ ಒಂದು ಹನಿ ಹಾಕಲು ಮಾತ್ರ ತಕ್ಕದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಟ್ಟರೆ ಅದು ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಗಟ್ಟಿ ಡಬಲ್ ಟೇಪು ಬೇಕೆಂದರೆ ಮೇಲ್ಮೈಯನ್ನು ಅದೇ ಆಲ್ಕೋಹಾಲಿನಿಂದ ಒರೆಸಿ, ಒತ್ತಿ, ಕಾಯಬೇಕು. 3ಎಂ ಕಂಪನಿಯ ವಿಎಚ್‌ಬಿ ಟೇಪು ಪೂರ್ಣ ಬಲಕ್ಕೆ ಬರಲು 72 ಗಂಟೆ ಹಿಡಿಯುತ್ತದೆ. ಸ್ಪರ್ಧೆಯ ಹಿಂದಿನ ರಾತ್ರಿ ಅಂಟಿಸಿದವರಿಗೆ ಅಷ್ಟು ಪುರಸೊತ್ತು ಎಲ್ಲಿಯದು?

ಆಂಟೆನಾ ಬೇರೆಯೇ ಲೆಕ್ಕದ ವಸ್ತು. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂ.ಮೀ., ಹೀಗಾಗಿ ರಿಮೋಟಿನಿಂದ ಓಡುವ ರೋಬೋಗಳ ಚಿಕ್ಕ ರಿಸೀವರುಗಳ ತಂತಿಯ ತುದಿಯಲ್ಲಿ ಬೆತ್ತಲೆಯಾಗಿ ಕಾಣುವ ಭಾಗ ಅದರ ಕಾಲು ಪಾಲು, ಸುಮಾರು 31 ಮಿ.ಮೀ. ಇರುತ್ತದೆ. ಉದ್ದವಾಯಿತೆಂದು ಅದನ್ನು ಕತ್ತರಿಸಬಾರದು, ಅಲ್ಯೂಮಿನಿಯಂ ಚೌಕಟ್ಟಿಗೆ ಒರಗಿಸಿ ಟೈ ಹಾಕಲೂ ಬಾರದು. ಎರಡು ಆಂಟೆನಾ ಇರುವ ಫ್ಲೈಸ್ಕೈ ಎಫ್‌ಎಸ್-ಐಎ6ಬಿಯಂಥ ರಿಸೀವರಿನಲ್ಲಿ ಆ ಎರಡನ್ನೂ ಪರಸ್ಪರ ಲಂಬವಾಗಿ ನಿಲ್ಲಿಸಬೇಕು. ಒಂದು ಆಂಟೆನಾದ ತುದಿ ಆಟಗಾರನ ಕಡೆಗೆ ತಿರುಗಿ, ಅಲೆಯನ್ನು ತೀರ ಕಡಿಮೆ ಹಿಡಿಯುವ ದಿಕ್ಕು ಬಂದಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ವೈಫೈ ಇರುವ ಪುಟ್ಟ ನಿಯಂತ್ರಕ ಇಎಸ್‌ಪಿ32 ಬೋರ್ಡಿನಲ್ಲಿ ಆಂಟೆನಾ ಬೋರ್ಡಿನ ಅಂಚಿನಲ್ಲೇ ಅಚ್ಚಾಗಿರುತ್ತದೆ. ಅದರ ಸುತ್ತ ಕನಿಷ್ಠ 15 ಮಿ.ಮೀ. ಖಾಲಿ ಬಿಡಬೇಕೆಂದು ತಯಾರಕರೇ ಹೇಳುತ್ತಾರೆ. ಅಕ್ರಿಲಿಕ್, ಪ್ಲೈವುಡ್ ಅಲೆಯನ್ನು ಬಿಡುತ್ತವೆ, ಅಲ್ಯೂಮಿನಿಯಂ ಬಿಡುವುದಿಲ್ಲ. ಚೆಂದವೆಂದು ತರುವ ಕಾರ್ಬನ್ ಫೈಬರ್ ಹಾಳೆಯೂ ವಿದ್ಯುತ್ತನ್ನು ಹರಿಯಗೊಡುವುದರಿಂದ ಅಲೆಗೆ ಅಡ್ಡಿಯೇ. ಸ್ಕ್ರೂ ಆಂಟೆನಾ ಕೊಳ್ಳುವಾಗ ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಜಾತಿಗಳಿವೆಯೆಂಬುದು ನೆನಪಿರಲಿ. ಇವುಗಳ ತಿರುಪಿನ ಸುತ್ತು ಒಂದಕ್ಕೊಂದು ಚೆನ್ನಾಗಿ ಕೂಡುತ್ತದೆ, ಆದರೆ ನಡುವೆ ಎರಡೂ ಕಡೆ ತೂತೇ ಇದ್ದರೆ ಸಂಪರ್ಕವೇ ಆಗುವುದಿಲ್ಲ. ಮತ್ತೆ ನಮ್ಮ ಪ್ಲಗ್ಗಿನ ಕಥೆಯೇ.

ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳು ಆಡುವ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯಲ್ಲೂ ಹಲವು ವರ್ಷ ದುಂಡು ಪ್ಲಗ್ಗಿನ ಒಎಂ5ಪಿ ಎಂಬ ವೈಫೈ ರೇಡಿಯೊ ಇತ್ತು. ಪ್ಲಗ್ಗನ್ನು ಗ್ಲೂನಿಂದ ಬಂಧಿಸುವುದು, ಅಥವಾ ಎತರ್ನೆಟ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವುದು ಅಲ್ಲಿನ ತಂಡಗಳಿಗೆ ರೂಢಿಯಾಗಿತ್ತು. 2025ರ ಋತುವಿನಲ್ಲಿ ಅಲ್ಲಿ ಬಳಕೆಗೆ ಬಂದ ವಿಎಚ್-109 ರೇಡಿಯೊದಲ್ಲಿ ವೈರನ್ನೇ ನೇರವಾಗಿ ಕಚ್ಚಿ ಹಿಡಿಯುವ ಟರ್ಮಿನಲ್ ಇದೆ. ಇದನ್ನು ಓದಿದ ದಿನ ನನ್ನ ಮನಸ್ಸಿಗೆ ತುಸು ಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಈಗ ರೋಬೋ ಟೆಂಪೊ ಹತ್ತುವ ಮೊದಲು ಒಂದು ಪರೀಕ್ಷೆ ನಡೆಯುತ್ತದೆ. ಗಾಲಿಗಳು ನೆಲಕ್ಕೆ ತಾಗದಂತೆ ಅದನ್ನು ಇಟ್ಟಿಗೆಯ ಮೇಲೆ ಇಟ್ಟು, ಲ್ಯಾಪ್‌ಟಾಪಿನಿಂದ ರೌಟರಿಗೆ ನಿಲ್ಲದೆ ಪಿಂಗ್ ಹಾಕುತ್ತ, ಅಂದರೆ ‘ಇದ್ದೀಯಾ’ ಎಂದು ಮತ್ತೆ ಮತ್ತೆ ಕೇಳಿ ಉತ್ತರ ಪಡೆಯುತ್ತ, ಒಬ್ಬರು ರಬ್ಬರ್ ಸುತ್ತಿಗೆಯಿಂದ ಚೌಕಟ್ಟಿನ ನಾಲ್ಕೂ ಕಡೆ ಬಡಿಯುತ್ತಾರೆ, ಇನ್ನೊಬ್ಬರು ಒಂದೊಂದು ವೈರನ್ನೂ ಬೆರಳಿನಿಂದ ಎಳೆಯುತ್ತಾರೆ. ನಂತರ ಇಟ್ಟಿಗೆ ತೆಗೆದು ನಾಲ್ಕು ಬೆರಳು ಎತ್ತರದಿಂದ ಮೂರು ಬಾರಿ ನೆಲಕ್ಕೆ ಬಿಡುತ್ತೇವೆ. ಪಿಂಗ್ ಒಮ್ಮೆ ತಪ್ಪಿದರೂ ಕಾರಣ ಸಿಗುವವರೆಗೆ ಟೆಂಪೊ ಹೊರಡುವುದಿಲ್ಲ. ಕೊನೆಯಲ್ಲಿ ಗಾಲಿಗಳು ಮತ್ತೆ ಗಾಳಿಯಲ್ಲಿ ತಿರುಗುತ್ತಿರುವಾಗಲೇ ಲ್ಯಾಪ್‌ಟಾಪಿನ ವೈಫೈ ಆರಿಸಿ, ಮೋಟರುಗಳು ತಾವಾಗಿ ನಿಲ್ಲುತ್ತವೆಯೇ ಎಂದು ನೋಡುತ್ತೇವೆ. ಸಂಪರ್ಕ ಕಡಿದಾಗ ಓಡುತ್ತಲೇ ಇರುವ ರೋಬೋ ನಿಂತ ರೋಬೋಗಿಂತ ಅಪಾಯಕಾರಿ.

ಅದೇ ಅಳತೆಯ ಇನ್ನೊಂದು ಅಕ್ರಿಲಿಕ್ ಹಲಗೆಯ ಮೇಲೆ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿದ ಎರಡನೆಯ ರೌಟರನ್ನೂ ಸಿದ್ಧವಾಗಿ ಇಟ್ಟಿದ್ದೇವೆ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಕೂರಿಸಲು ಹುಡುಗರಿಗೆ ಮೊದಲ ರವಿವಾರ ಹನ್ನೊಂದು ನಿಮಿಷ ಬೇಕಾಯಿತು, ಕಳೆದ ರವಿವಾರ ನಾಲ್ಕು. ಹಳೆಯ ಪ್ಲಗ್ಗುಗಳ ಡ್ರಾಯರನ್ನು ಆ ಹುಡುಗಿ ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ, 2.1 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಒಂದೊಂದರೊಳಗೂ ತೂರಿಸಿ ನೋಡಿ, ಸಡಿಲವಾದವುಗಳಿಗೆಲ್ಲ ಕೆಂಪು ಟೇಪು ಸುತ್ತಿದ್ದಾಳೆ, ಮತ್ತು ತನ್ನನ್ನು ಕೇಳದೆ ನಾನು ಅದರಿಂದ ಏನನ್ನೂ ತೆಗೆಯುವಂತಿಲ್ಲ.