ಹನ್ನೆರಡು ಗೋಪುರ, ಒಂಬತ್ತು ಮಿಲಿಮೀಟರ್ ಸಾಲ

ಕೇಕಿನ ಸುತ್ತ ಫಾಂಡಂಟ್ ಪಟ್ಟಿ (ಕೇಕಿಗೆ ಹೊದಿಸುವ ಸಕ್ಕರೆ ಕಣಕ) ಕೊನೆಗೂ ಕೂತಿತು! ನಾಲ್ಕನೇ ಸಲಕ್ಕೆ. ಅಷ್ಟರಲ್ಲಿ ಅದೇ ಮೆರೂನ್ ಫಾಂಡಂಟ್ ಮೂರು ಸಲ ಮುದ್ದೆಯಾಗಿ ಡಬ್ಬಿ ಸೇರಿತ್ತು. ಮನೆಯಲ್ಲಿ ಯಾರಿಗೂ ಕೇಕ್ ಸುದ್ದಿ ಎತ್ತಿದರೆ ಆಗುತ್ತಿರಲಿಲ್ಲ. ನಾನೂ ಒಂದು ರಾತ್ರಿ 12 ಗಂಟೆಗೆ ಟೇಪ್ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಸುಮ್ನೆ ಕೂತುಬಿಟ್ಟಿದ್ದೆ.

ಆಗಬೇಕಿದ್ದದ್ದು ಇಷ್ಟೇ. ಚಿಕ್ಕತ್ತೆಯ 60ನೇ ಹುಟ್ಟುಹಬ್ಬ. ಅವರು, ನಮ್ಮ ಅತ್ತೆ, ಇಬ್ಬರೂ ಧಾರವಾಡದವರು. ಇಳಕಲ್ ಸೀರೆ, ಮೈತುಂಬ ಕಸೂತಿ, ಅದೇ ಅವರ ಪ್ರಪಂಚ. ಹಾಗಾಗಿ 8 ಇಂಚಿನ ಕೇಕು, ಮೆರೂನ್ ಬಣ್ಣ, ಸುತ್ತಲೂ ಕಸೂತಿಯ ಗೋಪುರದ ಸಾಲು ಅಂತ ತೀರ್ಮಾನವಾಯಿತು. ಫಾಂಡಂಟ್ ಮೇಲೆ ವಿನ್ಯಾಸ ಮೂಡಿಸುವ ಇಂಪ್ರೆಷನ್ ಮ್ಯಾಟ್ ಒತ್ತಿದರೆ ಮುಗಿಯಿತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಮ್ಯಾಟಿನ ಕತೆ. ಕಸೂತಿ ಮ್ಯಾಟ್ ಅಂತ ಹುಡುಕಿದರೆ ಎಲ್ಲೂ ಇಲ್ಲ. ಲೇಸು ಬೇಕಾದಷ್ಟಿದೆ, ಇಟ್ಟಿಗೆ ಗೋಡೆ ಇದೆ, ಮರದ ತೊಗಟೆ ಇದೆ, ಮೊಸಳೆ ಚರ್ಮ ಕೂಡ ಇದೆ. ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಸಿಲಿಕೋನ್ ವಿನ್ಯಾಸ ಸಿಕ್ಕಿತು. ಕಣ್ಣು ಕಿರಿದು ಮಾಡಿ ನೋಡಿದರೆ ಗೋಪುರವೇ. ಆರ್ಡರ್ ಮಾಡಿದೆ. ಬಂದದ್ದು ಗುಲಾಬಿ ಹೂವಿನ ಮ್ಯಾಟು. ವಾಪಸ್ ಕಳಿಸಿ, ಫೋಟೊ ಕಳಿಸಿ, ಪುನಃ ಫೋಟೊ ಕಳಿಸಿ, 11 ದಿನ ಆದ ಮೇಲೆ ಸರಿಯಾದದ್ದು ಬಂತು. ಅದರಲ್ಲೂ ಒಂದು ಕೊನೆಯ ಗೋಪುರವನ್ನು ಅರ್ಧಕ್ಕೇ ಕತ್ತರಿಸಿದ್ದಾರೆ. 30 ಸೆಂ.ಮೀ. ಮ್ಯಾಟಿನಲ್ಲಿ 5.5 ಸೆಂ.ಮೀ. ಅಗಲದ ಪೂರ್ತಿ ಗೋಪುರ ಐದು, ಮಿಕ್ಕಿದ್ದು ಅರೆಬರೆ. ಆ ಅರೆಬರೆ ತುಂಡನ್ನು ನಾನೇ ಬ್ಲೇಡಿನಲ್ಲಿ ಕತ್ತರಿಸಿ ಎಸೆದೆ. ಸಿಟ್ಟಿನಿಂದ ಅಲ್ಲ, ಲೆಕ್ಕಕ್ಕಾಗಿ. ಸರಿ, ಸ್ವಲ್ಪ ಸಿಟ್ಟೂ ಇತ್ತು.

ಹೂವು, ಬಳ್ಳಿ, ಮರದ ತೊಗಟೆ ಆದರೆ ಜಾಯಿಂಟ್ ಎಲ್ಲಿ ಬಂದರೂ ನಡೆಯುತ್ತದೆ. ಅಲ್ಲೊಂದು ಎಲೆ ಅಂಟಿಸಿ ಕೈ ತೊಳೆದುಕೊಳ್ಳಬಹುದು. ಕಸೂತಿಯಲ್ಲಿ ಹಾಗಾಗುವುದಿಲ್ಲ. ಅದು ದಾರ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಕಾಣುವ ಹಾಗಿಲ್ಲ. ಇದು ಗೊತ್ತಿರುವ ಹೆಂಗಸರು ಸೀರೆ ಕೈಗೆ ಬಂದ ಕೂಡಲೇ ಮೊದಲು ಹಿಂಬದಿ ತಿರುಗಿಸಿ ನೋಡುತ್ತಾರೆ. ಚಿಕ್ಕತ್ತೆ ಕೇಕನ್ನೂ ತಿರುಗಿಸಿ ನೋಡುವವರೇ. ಹಿಂದೆ ಮುಕ್ಕಾಲು ಗೋಪುರ ಕಂಡರೆ ಮುಂದಿನ ಹತ್ತು ವರ್ಷ ಮದುವೆ ಮುಂಜಿಗಳಲ್ಲಿ ಅದೇ ಮಾತು.

ಹಾಗಾಗಿ ಲೆಕ್ಕ ಹಾಕಿದೆ. ಹನ್ನೆರಡು ಗೋಪುರಕ್ಕೆ 12 × 5.5 = 66 ಸೆಂ.ಮೀ. ಶಾಲೆಯ 22/7 ನೆನಪಿದೆಯಲ್ಲ? 21 ಸೆಂ.ಮೀ. ವ್ಯಾಸಕ್ಕೆ ಸುತ್ತಳತೆ ಸರಿಯಾಗಿ 66. ಗಣಿತದ ಮೇಷ್ಟ್ರು ಎಲ್ಲೋ ಕೂತು ನಗುತ್ತಿದ್ದಾರೆ ಅನಿಸಿತು. 8 ಇಂಚಿನ ಟಿನ್ನಿನಲ್ಲಿ ಬೆಂದ ಕೇಕು ಆರಿದಾಗ ಸುಮಾರು 20 ಸೆಂ.ಮೀ. ಇರುತ್ತದೆ. ಸುತ್ತ 5 ಮಿ.ಮೀ. ಗನಾಶ್ (ಚಾಕೊಲೇಟ್, ಕ್ರೀಮ್ ಬೆರೆಸಿದ ಲೇಪ) ಹಚ್ಚಿದರೆ 21. ಇಷ್ಟು ಚೆನ್ನಾಗಿ ಹೊಂದುವ ಲೆಕ್ಕ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಕೇಕಿನ ಬದಲು ಥರ್ಮಾಕೋಲ್ ಡಮ್ಮಿಗೆ ತೆಳು ಹಾಳೆ ಸುತ್ತಿ 21 ಮಾಡಿಕೊಂಡು ಪ್ರಯೋಗ ಶುರು ಮಾಡಿದೆ.

ಒಂದನೇ ಸಲ, ಹೊರಗೆ ಧೋ ಅಂತ ಮಳೆ. ಮಂಗಳೂರಿನ ಜುಲೈ ಬಗ್ಗೆ ಹೊಸದಾಗಿ ಹೇಳುವುದೇನಿದೆ? ಅಡುಗೆಮನೆಯ ಮೀಟರಿನಲ್ಲಿ ತೇವಾಂಶ 88. ಸಕ್ಕರೆ ಗಾಳಿಯ ನೀರನ್ನು ಎಳೆದುಕೊಂಡು ಕೂತಿದೆ, ಫಾಂಡಂಟ್ ಮೈದಾ ಹಿಟ್ಟಿನ ಕಣಕದ ಹಾಗೆ ಜೋಲುತ್ತಿದೆ. 66ಕ್ಕೆ ಕತ್ತರಿಸಿ ಎರಡೂ ಕೈಯಲ್ಲಿ ಎತ್ತಿದೆ, ಸುತ್ತಿದೆ. ಒಂದೂವರೆ ಸೆಂ.ಮೀ. ಜಾಸ್ತಿ ಬಂತು. ನಡುವಿನ ಗೋಪುರಗಳೆಲ್ಲ ಮದುವೆ ಊಟ ಮಾಡಿ ಬಂದವರ ಹಾಗೆ ಅಗಲ.

ಸರಿ, ಎತ್ತುವಾಗ ಎಳೆದುಕೊಂಡಿದೆ ಅಂದುಕೊಂಡೆ. ಎರಡನೇ ಸಲಕ್ಕೆ ಬೆಡ್‌ರೂಮಿನಲ್ಲಿ ಎಸಿ ಹಾಕಿ ಬಾಗಿಲು ಮುಚ್ಚಿದೆ. ಅರ್ಧ ಕಿಲೋಗೆ ಅರ್ಧ ಚಮಚ ಸಿಎಂಸಿ (ಫಾಂಡಂಟನ್ನು ಬಿಗಿ ಮಾಡುವ ಪುಡಿ) ಹಾಕಿ ನಾದಿದೆ. ಪಟ್ಟಿಯನ್ನು ಪಿವಿಸಿ ಪೈಪಿಗೆ ಬ್ಯಾಂಡೇಜಿನ ಹಾಗೆ ಸುತ್ತಿಕೊಂಡೆ. ಎಳೆಯುವ ಭಯಕ್ಕೆ 1 ಸೆಂ.ಮೀ. ಕಡಿಮೆಯೇ ಕತ್ತರಿಸಿದೆ, 65. ಡಮ್ಮಿಯ ಸುತ್ತ ಬಿಚ್ಚುತ್ತಾ ಬಂದರೆ ಹೆಚ್ಚುಕಡಿಮೆ 2 ಸೆಂ.ಮೀ. ಬಾಯಿ ತೆರೆದುಕೊಂಡು ನಿಂತಿತು. ಒಂದು ಸೆಂ.ಮೀ. ಕಡಿಮೆ ಕೊಟ್ಟರೆ ಎರಡು ಸೆಂ.ಮೀ. ಕಡಿಮೆ ಬೀಳುವುದು ಯಾವ ನ್ಯಾಯ?

ಮೂರನೇ ಸಲ ಅದೇ ಕೋಣೆ, ಅದೇ ಪೈಪು, ಸರಿಯಾಗಿ 66. ಕಡಿಮೆ ಬಿತ್ತು. 9 ಮಿ.ಮೀ.

ಡಮ್ಮಿಯ ಸುತ್ತ ಟೇಪ್ ಹಿಡಿದೆ, 66. ಪಟ್ಟಿ ಬಿಡಿಸಿ ಹಾಸಿ ಅಳೆದೆ, 66. ಸುತ್ತಿದರೆ ಮಾತ್ರ 9 ಮಿ.ಮೀ. ಸಂದು. ಟೇಪೇ ಸರಿಯಿಲ್ಲ ಅಂತ ಇನ್ನೊಂದು ಟೇಪ್ ತಂದೆ. ಗಂಡನನ್ನು ಎಬ್ಬಿಸಿ ಅಳೆಸಿದೆ. ನೆಲದ ಮೇಲೆ ಕೂತದ್ದು ಇದೇ ರಾತ್ರಿ.

ಮಾರನೇ ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತಾ ನನ್ನ ಗೋಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈಯಲ್ಲಿದ್ದ ಬಳೆ ತಿರುಗಿಸುತ್ತಾ, "ಅಲ್ಲವಾ, ಬಳಿ ಅಳತಿ ಒಳಗ ಹಿಡೀತಾರೋ ಹೊರಗ ಹಿಡೀತಾರೋ?" ಅಂದರು.

ಒಳಗೆ, ಅಂದೆ.

"ಮತ್ತ ಎರಡೂ ನಾಕರ ಅಳತಿ ಬಳೀನ. ಒಂದು ಸಣ್ಣದು, ಒಂದು ದಪ್ಪಂದು. ದಪ್ಪನ ಬಳಿಗೆ ಹೊರಗ ದಾರಾ ಸುತ್ತಿದ್ರ ಜಾಸ್ತಿ ಬೇಕಲ್ಲೇನು?"

ಕಾಫಿ ಅಲ್ಲೇ ಬಿಟ್ಟು ಎದ್ದೆ. ನಾನು ಅಳೆದದ್ದು ಡಮ್ಮಿಯ ಮೈ. ಫಾಂಡಂಟ್ ಇರುವುದು ಅದರ ಹೊರಗೆ, 3 ಮಿ.ಮೀ. ದಪ್ಪದಲ್ಲಿ. ಪಟ್ಟಿ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಉದ್ದ ಬದಲಾಗದೆ ಇರುವುದು ನಡುವಿನ ಪದರ ಮಾತ್ರ. ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದ ವ್ಯಾಸ 21 ಅಲ್ಲ, 21.3. ಎಷ್ಟು ಜಾಸ್ತಿ ಬೇಕು? 3.14 × 0.3 = 0.94 ಸೆಂ.ಮೀ. ನನ್ನ 9 ಮಿಲಿಮೀಟರ್! ಎರಡನೇ ಸಲದ 2 ಸೆಂ.ಮೀ. ಲೆಕ್ಕವೂ ಅಲ್ಲೇ ಸಿಕ್ಕಿತು. ಒಂದು ನಾನು ಕದ್ದದ್ದು, ಇನ್ನೊಂದು ದಪ್ಪ ತಿಂದದ್ದು. ಮೊದಲನೇ ಸಲ ಈ ಸಾಲ ಗೊತ್ತೇ ಆಗಿರಲಿಲ್ಲ. ಮಳೆಗೆ ಎಳೆದುಕೊಂಡ ಫಾಂಡಂಟ್ ಅದನ್ನು ತೀರಿಸಿ, ಮೇಲೆ ಒಂದೂವರೆ ಬಡ್ಡಿ ಕೊಟ್ಟಿತ್ತು.

ಹಾಗಾದರೆ 67 ಕತ್ತರಿಸಿದರೆ ಆಯಿತಲ್ಲ ಅನ್ನಬೇಡಿ. 67ರಲ್ಲಿ ಹದಿಮೂರನೇ ಗೋಪುರದ ಒಂದು ಕಾಲು ಬಂದು ನಿಲ್ಲುತ್ತದೆ. ಗೋಪುರದ ಅಗಲ ಬದಲಾಗುವುದಿಲ್ಲ, ಕೇಕೇ ತಗ್ಗಬೇಕು. ಗನಾಶ್ ಸಮೇತ 20.7 ಸೆಂ.ಮೀ. ಇಷ್ಟು ವರ್ಷ ಕೇಕ್ ಮಾಡಿ ಅದಕ್ಕೆ ಮ್ಯಾಟ್ ಹುಡುಕುತ್ತಿದ್ದೆ. ಈಗ ಮ್ಯಾಟ್ ನೋಡಿ ಕೇಕ್ ಅಳೆಯುತ್ತೇನೆ. ಫೋಮ್ ಬೋರ್ಡಿನಲ್ಲಿ 20.7ರ ಎರಡು ಬಿಲ್ಲೆ ಕತ್ತರಿಸಿ, ಕೇಕಿನ ಕೆಳಗೊಂದು ಮೇಲೊಂದು ಇಟ್ಟು, ಸ್ಕ್ರೇಪರನ್ನು ಅವುಗಳ ಅಂಚಿಗೆ ತಾಗಿಸಿ ಎಳೆದೆ. ಈ ಹವೆಗೆ ವೈಟ್ ಚಾಕೊಲೇಟ್ ಗನಾಶ್ 3:1ಕ್ಕಿಂತ (ಮೂರು ಪಾಲು ಚಾಕೊಲೇಟ್, ಒಂದು ಪಾಲು ಕ್ರೀಮ್) ಸಡಿಲ ಇದ್ದರೆ ಗೋಡೆ ನಿಲ್ಲುವುದಿಲ್ಲ.

ಒತ್ತುವಾಗ ಇನ್ನೊಂದು ಪಾಠ. ಫಾಂಡಂಟ್ ಲಟ್ಟಣಿಗೆ ಓಡುವ ದಿಕ್ಕಿಗೇ ಬೆಳೆಯುತ್ತದೆ. ನಾನು ಮೂರು ಸಲವೂ ಪಟ್ಟಿಯ ಉದ್ದಕ್ಕೆ ಉರುಳಿಸಿ ಗೋಪುರಗಳನ್ನು ದಪ್ಪ ಮಾಡಿದ್ದೆ. ಈ ಸಲ 4 ಮಿ.ಮೀ. ಲಟ್ಟಿಸಿ, ಮ್ಯಾಟ್ ಇಟ್ಟು, ಅಡ್ಡಕ್ಕೆ ಒಂದೇ ಒಂದು ಸಲ ಒತ್ತಿ ಉರುಳಿಸಿ 3ಕ್ಕೆ ಇಳಿಸಿದೆ. ಬೆಳೆದದ್ದೆಲ್ಲ ಎತ್ತರದಲ್ಲಿ ಬೆಳೆಯಿತು, ಅದನ್ನು ಹೇಗೂ ಕತ್ತರಿಸುತ್ತೇವೆ. ಹಿಂದಕ್ಕೂ ಮುಂದಕ್ಕೂ ಉರುಳಿಸಿದರೆ ಗೆರೆ ಜೋಡಿಯಾಗುತ್ತದೆ. ಮ್ಯಾಟನ್ನು ಮುಂದೆ ಸರಿಸುವಾಗ ಮೊದಲ ಗೋಪುರವನ್ನು ಹಿಂದಿನ ಅಚ್ಚಿನ ಕೊನೆಯ ಗೋಪುರದಲ್ಲೇ ಕೂರಿಸಬೇಕು. ಕೈಗೆ ಟಕ್ ಅಂತ ತಿಳಿಯುತ್ತದೆ. ಐದು, ನಾಲ್ಕು, ನಾಲ್ಕು, ಒಟ್ಟು ಹದಿಮೂರು. ಅದರಲ್ಲಿ ಚೆನ್ನಾಗಿ ಬಂದ ಹನ್ನೆರಡನ್ನು ಇಟ್ಟುಕೊಂಡೆ.

ಮ್ಯಾಟ್ ಅಂಟದಿರಲು ಬಟ್ಟೆಗಂಟಿನಲ್ಲಿ ಕಾರ್ನ್‌ಫ್ಲೋರ್ ತಟ್ಟಿದ್ದೆ. ಮೆರೂನ್ ಮೇಲೆ ಬೂದಿ ಬಳಿದ ಹಾಗಾಯಿತು. ವನಸ್ಪತಿ ಸವರಿದ ಅಂಗೈಯಲ್ಲಿ ಮೇಲ್ಮೈ ಒರೆಸಿದರೆ ಮೇಲಿನದು ಹೋಯಿತು, ಗೆರೆಯೊಳಗಿನದು ಉಳಿಯಿತು. ಬಿಳಿ ದಾರದಲ್ಲಿ ಹೊಲಿದ ಹಾಗೇ! ಬೇಕೆಂದೇ ಮಾಡಿದ್ದು ಅಂತ ಎಲ್ಲರಿಗೂ ಹೇಳಿದ್ದೇನೆ. ಸಂಜೆಯ ಹೊತ್ತಿಗೆ ಸ್ವಲ್ಪ ಮಂಕಾಯಿತು, ಅದೂ ನಿಜ.

ಹನ್ನೆರಡನೇ ಗೋಪುರ ಒಂದನೆಯದನ್ನು ಮುಟ್ಟಿತು. ಕೂದಲೆಳೆಯಷ್ಟು ಗೆರೆ ಇದೆ, ಆದರೆ ಅದು ಎರಡು ಗೋಪುರದ ನಡುವೆ ಹೇಗೂ ಇರಬೇಕಾದ ಗೆರೆಯಲ್ಲೇ ಅಡಗಿದೆ. ಕೇಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆ ಸಮೇತ ಫ್ರಿಜ್ಜಿಗೆ ಹಾಕಿದೆ. ಹೊರಗೆ ತೆಗೆದ ಮೇಲೂ ತಣ್ಣಗಾದದ್ದು ಇಳಿಯುವವರೆಗೆ ಪೆಟ್ಟಿಗೆ ತೆರೆಯಲಿಲ್ಲ. ಬೆವರುವುದಿದ್ದರೆ ರಟ್ಟು ಬೆವರಲಿ.

ಇದೆಲ್ಲದರ ನಡುವೆ ತಲೆಯಲ್ಲಿ ಹೊಸ ಹುಳ ಹೊಕ್ಕಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚು! ಸಕ್ಕರೆಯ ಮೇಲೆ ಅಚ್ಚೊತ್ತುವುದನ್ನು ನಮಗೆ ಹೊರಗಿನವರು ಕಲಿಸಬೇಕಾ? ಅಮ್ಮನ ಮನೆಯ ಅಟ್ಟದಲ್ಲಿ ಮರದ ಅಚ್ಚುಗಳಿವೆ, ಆನೆ, ಗಿಳಿ, ತುಳಸಿಕಟ್ಟೆ. ಎರಡು ಹೋಳು ಜೋಡಿಸಿ ದಾರ ಕಟ್ಟಿ ಪಾಕ ಹೊಯ್ಯುವಂಥವು. ನೇರವಾಗಿ ಫಾಂಡಂಟ್ ಒತ್ತಿದರೆ ಮರದ ಗೀರಿನಲ್ಲಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಎರಡು ಭಾಗ ಸಮ ಬೆರೆಸುವ ಫುಡ್ ಗ್ರೇಡ್ ಸಿಲಿಕೋನ್ ಪುಟ್ಟಿಯಲ್ಲಿ ಆನೆಯ ಪ್ರತಿ ತೆಗೆಯಬೇಕು, ಆಮೇಲೆ ಆ ಪ್ರತಿಯ ಪ್ರತಿ. ಕಳೆದ ವರ್ಷ ಲ್ಯಾಟೆಕ್ಸ್ ಗ್ಲೌಸ್ ಹಾಕಿ ಪುಟ್ಟಿ ಕಲಸಿ, ಅದು ಎರಡು ದಿನ ಆದರೂ ಗಟ್ಟಿಯಾಗದೆ ಅಂಟಂಟಾಗಿ ಕೂತಿದ್ದು ನೆನಪಿದೆ. ಲ್ಯಾಟೆಕ್ಸಿನಲ್ಲಿರುವ ಗಂಧಕ ಪ್ಲಾಟಿನಂ ಸಿಲಿಕೋನನ್ನು ಗಟ್ಟಿಯಾಗಲು ಬಿಡುವುದಿಲ್ಲ. ಈ ಸಲ ವಿನೈಲ್ ಗ್ಲೌಸ್.

ಕೇಕಿನ ದಿನ ಚಿಕ್ಕತ್ತೆ ಬಂದರು, ನೋಡಿದರು, ಟರ್ನ್‌ಟೇಬಲನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ನಾನು ಉಸಿರು ಹಿಡಿದು ನಿಂತಿದ್ದೆ. ಇನ್ನೊಂದು ಸುತ್ತು ತಿರುಗಿಸಿ, "ಗಂಟು ಎಲ್ಲಿ ಹಾಕೀಯವಾ?" ಅಂದರು. ತೋರಿಸಲಿಲ್ಲ. ಅತ್ತೆ ಮಾತ್ರ ಚಾಕು ತೆಗೆದುಕೊಂಡು ಸರಿಯಾಗಿ ಅದೇ ಗೆರೆಯ ಮೇಲೆ ಇಟ್ಟುಕೊಟ್ಟರು.

ಆನೆಯ ಅಳತೆ ತೆಗೆದಾಯಿತು. ಅಗಲ 4.8 ಸೆಂ.ಮೀ. ಹದಿನಾಲ್ಕು ಆನೆಗೆ 67.2. ಫಾಂಡಂಟ್ 3 ಮಿ.ಮೀ. ಅಂದರೆ ಗನಾಶ್ ಸಮೇತ ಕೇಕು 21.1. ಪುಟ್ಟಿ ಬರುವುದು ಶುಕ್ರವಾರವಂತೆ.